ಬೆಂಗಳೂರಿನ ಪೇಟೆಯೂ ಬೀದಿ ಅಗಲಿಸುವ ವಾದವೂ

ಬೆಂಗಳೂರಿನ ಹಳೆಯ ಪೇಟೆಯ ಮಾತು ಬಂದಾಗ ವಿದ್ಯಾವಂತರ ಬಾಯಿಂದ ಹೊರಡುವ ಆಕ್ಷೇಪಣೆಗಳು ಸಾಮಾನ್ಯವಾಗಿ ಎರಡು. ಅದು ಬಹಳ ಇಕ್ಕಟ್ಟು ಎಂಬುದೊಂದು. ಅಲ್ಲಿ ನೋಡತಕ್ಕದ್ದೇನೂ ಇಲ್ಲವೆಂಬುದು ಇನ್ನೊಂದು. ಈ ಎರಡರಿಂದ ಮೂರನೆಯ ಮಾತೊಂದು ತಾನಾಗಿ ಹುಟ್ಟುತ್ತದೆ: ಬೀದಿಗಳನ್ನು ಅಗಲಿಸಬೇಕು, ಅಡ್ಡಬಂದ ಕಟ್ಟಡಗಳನ್ನು ಕೆಡಹಬೇಕು. ಹೀಗೆನ್ನುವವರು ಪ್ರಾಚೀನತೆಯ ದ್ವೇಷಿಗಳೇನೂ ಅಲ್ಲ. ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಹೆಂಚಿನ ಬಂಗಲೆಯೊಂದು ಬಿದ್ದರೆ, ಹಳೆಯ ಬೆಂಗಳೂರು ಹೋಯಿತೆಂದು ಮರುಗುವವರೂ ಅವರೇ. ಆದರೆ ಆ ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳವು. ಪೇಟೆಯಾದರೋ ಅವುಗಳಿಗಿಂತ ಮೂರೂವರೆ ಶತಮಾನ ಹಿರಿದು. ಮೊಮ್ಮಗನ ಅಂಗಿ ಹರಿಯಿತೆಂದು ಅಳುವವರು ಅಜ್ಜನ ಮನೆಯನ್ನು ಕೆಡಹುವಾಗ ಸುಮ್ಮನಿರುವುದು ಯಾವ ನ್ಯಾಯ?

ಇದಕ್ಕೆಲ್ಲ ಮೂಲವಾದ ತಪ್ಪು ಒಂದೇ. ಚರಿತ್ರೆಯೆಂದರೆ ಅರಮನೆ, ಶಿಲ್ಪವೆಂದರೆ ಗೋಪುರ, ಎಂದು ಎಣಿಸಿದವನಿಗೆ ಪೇಟೆಯಲ್ಲಿ ಕಾಣುವುದು ಗೋಣಿಚೀಲಗಳೂ ಕೈಗಾಡಿಗಳೂ ಮಾತ್ರವೇ. ಆದರೆ ಪೇಟೆಯ ಶಿಲ್ಪ ಅಲ್ಲಿಯ ಯಾವುದೊಂದು ಕಟ್ಟಡದಲ್ಲಿಯೂ ಇಲ್ಲ. ಅದು ಬೀದಿಗಳ ಜೋಡಣೆಯಲ್ಲಿದೆ. ಬೀದಿಯನ್ನು ಕೆಡಿಸಿ ಕಟ್ಟಡವನ್ನು ಉಳಿಸಿಕೊಂಡೆವೆನ್ನುವುದು ದಾರವನ್ನು ಕಿತ್ತು ಹಾರವನ್ನು ಉಳಿಸಿಕೊಂಡಂತೆ.

ಯಲಹಂಕದ ನಾಡಪ್ರಭುವಾದ ಮೊದಲನೆಯ ಕೆಂಪೇಗೌಡನು 1537ರಲ್ಲಿ ಈ ಊರನ್ನು ಕಟ್ಟಿಸಿದನು. ದೊಡ್ಡಪೇಟೆಯೂ ಚಿಕ್ಕಪೇಟೆಯೂ ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ, ಆ ಸಾಲುಗಳನ್ನೇ ಬೀದಿಗಳ ಗುರುತಾಗಿ ಮಾಡಿದನೆಂದು ಐತಿಹ್ಯ. ಐತಿಹ್ಯವನ್ನು ನಂಬದವನೂ ಅಲ್ಲಿ ನಿಂತು ನೋಡಬಹುದು: ತೆಂಕಣಿಂದ ಬಡಗಣಕ್ಕೆ ಒಂದು ಹೆದ್ದಾರಿ, ಮೂಡಣಿಂದ ಪಡುವಣಕ್ಕೆ ಇನ್ನೊಂದು. ಅದರ ಸುತ್ತ ಕಸುಬಿಗೊಂದು ಪೇಟೆ. ಧಾನ್ಯಕ್ಕೆ ತರಗುಪೇಟೆ, ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ. ಕುಂಬಾರರಿಗೊಂದು, ಗಾಣಿಗರಿಗೊಂದು, ನಗರ್ತರಿಗೊಂದು, ತಿಗಳರಿಗೊಂದು. ಎಲ್ಲವೂ ಒಂದೇ ಕಾಲದವಲ್ಲ. ಸುಲ್ತಾನಪೇಟೆ, ಕಬ್ಬನ್‌ಪೇಟೆ ಎಂಬ ಹೆಸರುಗಳೇ ತಮ್ಮ ಕಾಲವನ್ನು ಹೇಳುತ್ತವೆ. ಆಳುವವರು ಬದಲಾದರು, ಪೇಟೆಗಳು ಒಂದರ ಮಗ್ಗುಲಿಗೊಂದು ಸೇರಿದವು. ಬೆಳೆಯುವ ಕ್ರಮ ಮಾತ್ರ ಬದಲಾಗಲಿಲ್ಲ. ಊರಿಗೆ ನೀರಾಗಿ ಕೆಂಪಾಂಬುಧಿ, ಧರ್ಮಾಂಬುಧಿ, ಸಂಪಂಗಿ ಕೆರೆಗಳಿದ್ದುವು. ರಕ್ಷಣೆಗೆ ಮಣ್ಣಿನ ಗೋಡೆಯೂ ಕಂದಕವೂ ಮುಳ್ಳುಪೊದೆಯ ಬೇಲಿಯೂ ಇದ್ದುವು. 1791ರ ಮಾರ್ಚಿ 7ರಂದು ಕಾರ್ನ್‌ವಾಲಿಸನ ಸೈನ್ಯ ಹಲಸೂರು ಬಾಗಿಲನ್ನು ಒಡೆದು ಪೇಟೆಯನ್ನು ಹೊಕ್ಕಿತು. ಅದೇ ತಿಂಗಳ 21ರಂದು ಕಲ್ಲಿನ ಕೋಟೆಯೂ ಅವನ ವಶವಾಯಿತು. ಈ ಹೊತ್ತು ಆ ಕೋಟೆಯಲ್ಲಿ ಒಂದು ತುಣುಕು ಉಳಿದಿದೆ. ಪೇಟೆಯ ಗೋಡೆ ಇಲ್ಲ, ಕಂದಕವಿಲ್ಲ. ಉಳಿದುದು ಯಾವುದು? ಯಾವ ರಾಜನೂ ಸ್ಮಾರಕವೆಂದು ಎಣಿಸದಿದ್ದ ಬೀದಿ.

ಇನ್ನು ಮನೆಗಳ ವಿಚಾರ. ಪೇಟೆಯ ನಿವೇಶನದ ಮುಖ ಕಿರಿದು, ಆಳ ಹಿರಿದು. ಬೀದಿಯ ಕಡೆಗೆ ಜಗಲಿ ಅಥವಾ ಅಂಗಡಿ. ಅದರ ಹಿಂದೆ ಪಡಸಾಲೆ. ನಡುವೆ ಗಾಳಿ ಬೆಳಕುಗಳಿಗೆ ತೊಟ್ಟಿ. ಹಿಂದುಗಡೆ ಉಗ್ರಾಣ, ಇಲ್ಲವೆ ನೆಲದಲ್ಲಿ ಗುಣಿ ತೋಡಿ ಹೂಡಿದ ಮಗ್ಗ. ಮೇಲೆ ವಾಸದ ಮಾಳಿಗೆ. ನೆಯ್ಗೆ, ಮಾರಾಟ, ಸಂಸಾರ ಮೂರೂ ಒಂದೇ ಸೂರಿನಡಿ ನಡೆಯುವಂತೆ ಮಾಡಿದ ಏರ್ಪಾಡು ಇದು. ಪಕ್ಕದ ಮನೆಗೂ ಇದಕ್ಕೂ ಗೋಡೆ ಒಂದೇ. ಆದುದರಿಂದ ಬಿಸಿಲು ಬೀಳುವ ಮೈ ಕಡಮೆ. ಬೀದಿ ಕಿರಿದಾದುದರಿಂದ ಒಂದು ಸಾಲಿನ ನೆರಳು ಇನ್ನೊಂದಕ್ಕೆ ಕೊಡೆಯಾಯಿತು. ಇದನ್ನು ಕಟ್ಟಿದವರು ಅಜ್ಞಾನಿಗಳಾಗಿರಲಿಲ್ಲ. ಬೀದಿಯ ಅಗಲಕ್ಕಾಗಿ ಇಂಥ ಮನೆಯ ಮುಂಭಾಗದಿಂದ ಹತ್ತಡಿ ಕೊಯ್ದರೆ ಹೋಗುವುದು ಹತ್ತಡಿ ನೆಲವಲ್ಲ, ಅಂಗಡಿಯೇ. ಅಂಗಡಿ ಹೋದಮೇಲೆ ಹಿಂದಿನ ಮನೆ ಯಾರಿಗಾಗಿ, ಯಾವುದರಿಂದ ನಡೆಯಬೇಕು?

ಇಕ್ಕಟ್ಟು ರೋಗಕ್ಕೆ ತವರು ಎಂದು ಹೇಳುವವರು 1898ರ ಪ್ಲೇಗನ್ನು ಉದಾಹರಿಸುತ್ತಾರೆ. ಆ ವರ್ಷ ಪೇಟೆ ಪಟ್ಟ ಸಂಕಟ ಸಣ್ಣದಲ್ಲ. ಜನ ಮನೆಮಠಗಳನ್ನು ಬಿಟ್ಟು ಬಯಲಿಗೆ ಹೋದರು, ಬಸವನಗುಡಿ ಮಲ್ಲೇಶ್ವರಗಳು ಬೆಳೆದುದೂ ಆ ಭಯದಿಂದಲೇ. ಆದರೆ ಅದೇ 1898ರಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು, ಈ ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಪ್ರತಿಪಾದಿಸಿದನು. ಮುಂದೆ ಶಾಸ್ತ್ರಜ್ಞರು ಅದನ್ನು ಒಪ್ಪಿದರು. ಧಾನ್ಯದ ಮಗ್ಗುಲಲ್ಲಿ ಮಂಚ ಹಾಕಿಕೊಂಡು ಮಲಗಿದ ಮನೆಗಳಿಗೆ ಅಪಾಯವಿದ್ದುದು ನಿಜ. ಅದಕ್ಕೆ ಮದ್ದು ಭದ್ರವಾದ ಉಗ್ರಾಣ, ಹರಿಯುವ ಚರಂಡಿ, ದಿನದಿನವೂ ಎತ್ತುವ ಕಸ. ಬೀದಿಯ ಅಗಲ ಇಲಿಯನ್ನು ಕೊಲ್ಲಲಾರದು. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟವನ ಕಥೆಯನ್ನು ಆಡಳಿತದ ನೀತಿಯನ್ನಾಗಿ ಮಾಡಿಕೊಳ್ಳಬೇಕೆ?

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಕಸುಬಿಗೊಂದು ಪೇಟೆಯೆಂದರೆ ಜಾತಿಗೊಂದು ಕೇರಿಯೆಂದೇ ಅರ್ಥವಲ್ಲವೆ. ಅಂಥದನ್ನು ಏತಕ್ಕೆ ಕಾಪಾಡಬೇಕು, ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದು, ಅದಕ್ಕೆ ಮುಖ ತಿರುಗಿಸುವವನು ಪೇಟೆಯ ಹಿತೈಷಿಯಲ್ಲ. ಹಳೆಯ ಊರು ತನ್ನ ಕೊಳೆಯನ್ನು ಹೊತ್ತವರನ್ನು ದೂರವಿರಿಸಿತೆಂಬುದನ್ನು ಮುಚ್ಚಿಟ್ಟು ಪೇಟೆಯನ್ನು ಹೊಗಳುವುದು ಸುಳ್ಳು ಹೊಗಳಿಕೆ. ಆದರೆ ಈ ದೋಷ ಪೇಟೆಯೊಂದರದೇ ಎಂಬುದೂ ಸುಳ್ಳು. ವಿಶಾಲವಾದ ಬೀದಿ, ಉದ್ಯಾನ, ಗಾಳಿ ಬೆಳಕುಗಳಿಂದ ಹೊಗಳಿಸಿಕೊಳ್ಳುವ ಹೊಸ ಬಡಾವಣೆಗಳಲ್ಲಿಯೂ ನಿವೇಶನ ಹಂಚುವಾಗ ಜಾತಿಗೊಂದು ಭಾಗವೆಂಬ ಎಣಿಕೆಯೇ ನಡೆಯಿತು. ಅಗಲವಾದ ಬೀದಿ ಅಗಲವಾದ ಮನಸ್ಸನ್ನು ತರಲಿಲ್ಲ. ಪೇಟೆಯಲ್ಲಾದರೋ ಹೆಸರುಗಳು ನಿಂತವು, ಬೇಲಿಗಳು ನಿಲ್ಲಲಿಲ್ಲ. ಕುಂಬಾರಪೇಟೆಯಲ್ಲಿ ಕುಂಬಾರನನ್ನು ಹುಡುಕಿ ಹೋದವನು ಬೇರೆ ಬೇರೆ ನಾಡುಗಳ ವರ್ತಕರನ್ನು ಕಾಣುತ್ತಾನೆ. ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು, ಮಾರವಾಡಿ ಮಾತುಗಳು ಒಂದೇ ಕಟ್ಟೆಯ ಮೇಲೆ ಲೆಕ್ಕ ಹಾಕುತ್ತವೆ. ಕನ್ನಡಕ್ಕಾಗಿ ದುಡಿದ ಬೆಂಜಮಿನ್ ರೈಸರ ಹೆಸರಿನ ಚರ್ಚು ದೊಡ್ಡಪೇಟೆಯಲ್ಲಿಯೇ ಇದೆ. ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿಯ ಗುಡಿಯಿಂದ ಹೊರಡುವ ತಿಗಳರ ಕರಗ ಈ ಬೀದಿಗಳನ್ನೆಲ್ಲ ಸುತ್ತಿ, ಅರಳೆಪೇಟೆಯಲ್ಲಿ ಮಸ್ತಾನ ಸಾಹೇಬರ ದರ್ಗಾಕ್ಕೆ ಹೋಗಿ ಬರುತ್ತದೆ. ಕರಗಕ್ಕೆ ಸಂಬಂಧಪಟ್ಟ ಸಂಪಂಗಿ ಕೆರೆ ಆಟದ ಬಯಲಾಯಿತು. ಮೂಲೆಯಲ್ಲೊಂದು ಕೊಳ ಮಾತ್ರ ಉಳಿಯಿತು. ಬೀದಿಗಳೂ ಹೋದರೆ ಕರಗ ಯಾವ ದಾರಿಯಲ್ಲಿ ನಡೆಯಬೇಕು?

ಮೂರನೆಯದು ವಾಹನಗಳ ವಾದ. ಗಾಡಿಗಳು ಹೆಚ್ಚಿದುವು, ಆದುದರಿಂದ ದಾರಿ ಹೆಚ್ಚಬೇಕು ಎಂಬುದು ಮೇಲುನೋಟಕ್ಕೆ ಸರಿಯಾದ ಲೆಕ್ಕ. ಆದರೆ ನೂರಡಿಯ ರಸ್ತೆಗಳಿರುವ ಕಡೆಗಳಲ್ಲಿ ಈ ಊರಿನ ಗಾಡಿಗಳು ಸರಾಗವಾಗಿ ಹೋಗುತ್ತಿವೆಯೆ? ಅಗಲಿಸಿದಷ್ಟೂ ತುಂಬುವುದು ಅವುಗಳ ಗುಣ. ಪೇಟೆಗೆ ಬೇಕಾದುದು ಪೇಟೆಯನ್ನು ಹಾದುಹೋಗುವವರ ದಾರಿಯಲ್ಲ, ಪೇಟೆಗೆ ಬರುವವರ ದಾರಿ. 2017ರಲ್ಲಿ ನೆಲದಡಿಯ ಮೆಟ್ರೋ ರೈಲು ಚಿಕ್ಕಪೇಟೆಗೆ ಬಂದಿತು. ನಿಲ್ದಾಣಕ್ಕಾಗಿ ಕೆಲವು ಕಟ್ಟಡಗಳು ಹೋದುದು ನಿಜವಾದರೂ, ಸುರಂಗಕ್ಕಾಗಿ ಬೀದಿಗೆ ಬೀದಿಯನ್ನೇ ಕೆಡಹಬೇಕಾಗಲಿಲ್ಲ. ಕಾಲ್ನಡಿಗೆಯವರನ್ನು ಪೇಟೆಯ ನಡುವಿಗೆ ತಂದು ಬಿಡುವ ಸಾಧನವೊಂದು ದೊರೆತ ಮೇಲೆಯೂ, ಎರಡೆತ್ತಿನ ಗಾಡಿಗಾಗಿ ಅಳೆದ ಬೀದಿಯಲ್ಲಿ ಮೋಟಾರು ಏಕೆ ಓಡಲಾರದು ಎಂದು ಕೋಪಿಸಿಕೊಳ್ಳುವುದು ವಿವೇಕವಲ್ಲ.

ಮಾಲಿಕರೇ ಹಳೆಯ ಮನೆಗಳನ್ನು ಕೆಡಹುತ್ತಿರುವಾಗ ಹೊರಗಿನವರಿಗೇಕೆ ಈ ಚಿಂತೆ, ಎಂಬುದು ಕಡೆಯ ಮಾತು. ಅವರು ಕೆಡಹುತ್ತಿರುವುದೇನೋ ನಿಜ. ತೊಟ್ಟಿಯ ಮನೆ ಹೋಗಿ ಕಾಂಕ್ರೀಟಿನ ಮಳಿಗೆ ಏಳುತ್ತಿದೆ. ಆದರೆ ಇಂದೋ ನಾಳೆಯೋ ಮನೆಯ ಮುಂಭಾಗ ಹೋಗುವುದೆಂಬ ಬೆದರಿಕೆ ತಲೆಯ ಮೇಲೆ ತೂಗುತ್ತಿರುವಾಗ ಯಾವ ಮಾಲಿಕನು ಮರದ ಕಂಬಕ್ಕೆ ಎಣ್ಣೆ ಹಚ್ಚಿಯಾನು? ಕಾಪಾಡಿದವನಿಗೆ ಕಾಸಿನ ಸಹಾಯವಿಲ್ಲ. ಕೆಡಹಿದವನಿಗೆ ಬಾಡಿಗೆಯ ಲಾಭವುಂಟು. ಹೀಗೆ ಏರ್ಪಡಿಸಿ, ಬಳಿಕ ಜನಕ್ಕೆ ಅಭಿಮಾನವಿಲ್ಲವೆಂದು ದೂರುವುದು ಅನ್ಯಾಯ. ಅಲ್ಲದೆ ಪೇಟೆ ಮಾಲಿಕರದಷ್ಟೇ ಅಲ್ಲ. ಬಾಡಿಗೆಯ ಮೂರಡಿ ಅಂಗಡಿಯವನು, ಮೂಟೆ ಹೊರುವ ಹಮಾಲಿ, ಹಳೆಯ ಪುಸ್ತಕಗಳನ್ನು ಬೀದಿಬದಿಯಲ್ಲಿ ಹರಡಿಕೊಂಡು ಬಡ ವಿದ್ಯಾರ್ಥಿಗೆ ಉಪಕಾರ ಮಾಡಿದವನು, ಇವರಲ್ಲಿ ಯಾರ ಹೆಸರೂ ಪರಿಹಾರದ ಪಟ್ಟಿಯಲ್ಲಿ ಮೊದಲು ಬರುವುದಿಲ್ಲ. ಬೀದಿ ಅಗಲವಾದ ದಿನ ಮೊದಲು ಕಾಣೆಯಾಗುವವರು ಮಾತ್ರ ಇವರೇ.

ಪೇಟೆ ಈಗಿರುವಂತೆಯೇ ಇರಲಿ ಎಂದು ಇದರ ಅರ್ಥವಲ್ಲ. ತಲೆಯ ಮೇಲೆ ಜೋತ ವಿದ್ಯುತ್ತಿನ ತಂತಿಗಳ ಗೋಜಲು ಬೆಂಕಿಗೆ ಆಹ್ವಾನ. ಅದನ್ನು ನೆಲದಡಿಗೆ ಇಳಿಸಬೇಕು. 1905ರ ಆಗಸ್ಟ್ 5ರಂದು ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿದೀಪಗಳು ಮೊದಲು ಉರಿದುದು ಈ ಪೇಟೆಯ ಅಂಚಿನಲ್ಲಿ. ಆ ಕೀರ್ತಿಗೆ ಈ ಗೋಜಲು ಅವಮಾನ. ಚರಂಡಿಗಳನ್ನು ಹೊಸದಾಗಿ ಕಟ್ಟಬೇಕು. ಸರಕಿನ ಲಾರಿಗಳಿಗೆ ರಾತ್ರಿಯ ಹೊತ್ತನ್ನು ಗೊತ್ತುಮಾಡಬೇಕು. ಹಗಲಿನಲ್ಲಿ ದೊಡ್ಡಪೇಟೆ ಚಿಕ್ಕಪೇಟೆಗಳನ್ನು ನಡೆಯುವವರಿಗೂ ಕೈಗಾಡಿಗಳಿಗೂ ಬಿಡಬೇಕು. ತೊಟ್ಟಿಯನ್ನೂ ಜಗಲಿಯನ್ನೂ ಉಳಿಸಿಕೊಂಡವನಿಗೆ ತೆರಿಗೆಯನ್ನು ಇಳಿಸಬೇಕು. ಇವುಗಳಲ್ಲಿ ಯಾವುದಕ್ಕೂ ಗೋಡೆ ಒಡೆಯಬೇಕಾಗಿಲ್ಲ.

ಕೆಂಪೇಗೌಡನ ಪ್ರತಿಮೆಗಳನ್ನು ಎತ್ತರವಾಗಿ ನಿಲ್ಲಿಸುವುದು, ಅವನ ಹೆಸರನ್ನು ನಿಲ್ದಾಣಗಳಿಗೆ ಇಡುವುದು ಬೆಂಗಳೂರಿಗೆ ರೂಢಿಯಾಗಿದೆ, ಅದು ಒಳ್ಳೆಯದೇ. ಆದರೆ ಅವನು ಪ್ರತಿಮೆಯನ್ನು ಕಟ್ಟಿಸಿದವನಲ್ಲ, ಪೇಟೆಯನ್ನು ಕಟ್ಟಿಸಿದವನು. ಅವನು ಎಳೆಸಿದ ಸಾಲನ್ನು ಅಳಿಸಿ ಅವನ ಪಾದಕ್ಕೆ ಹಾರ ಹಾಕುವುದು ಭಕ್ತಿಯೆನಿಸಲಾರದು. ಬೀದಿಯ ಅಗಲವನ್ನು ಅಳೆಯಲು ಹೊರಟವರು, ಆ ಬೀದಿ ಎಷ್ಟು ಜನಕ್ಕೆ ಅನ್ನ ಕೊಟ್ಟಿತೆಂಬುದನ್ನು ಮೊದಲು ಅಳೆಯಲಿ.