'ಫಿಟ್' ಎಂದ ಎಕ್ಸ್‌ರೇ ಕಲ್ಲಿನ ಧೂಳನ್ನು ನೋಡಿತೇ?

ಕೊಲ್ಲಿಗೆ ಹೊರಟವರಿಗೆಲ್ಲ ಗೊತ್ತಿರುವ ಪರೀಕ್ಷೆ ಎದೆಯ ಎಕ್ಸ್‌ರೇ. ಅಲ್ಲಿ ಮುಖ್ಯವಾಗಿ ಹುಡುಕುವುದು ಕ್ಷಯ. ಎಂದೋ ವಾಸಿಯಾದ ಟಿ.ಬಿ.ಯ ಕಲೆ ಕಂಡದ್ದಕ್ಕೇ 'ಅನ್‌ಫಿಟ್' ಆಗಿ, ಏಜೆಂಟರಿಗೆ ಕಟ್ಟಿದ ದುಡ್ಡೂ ಹೋಗಿ ಮನೆಯಲ್ಲೇ ಉಳಿದವರಿದ್ದಾರೆ. ಅದೇ ಹೊತ್ತಿಗೆ, ವರ್ಷಗಟ್ಟಲೆ ಗ್ರಾನೈಟ್, ಕ್ವಾರ್ಟ್ಜ್ ಕತ್ತರಿಸಿದವರು ಇದೇ ಎಕ್ಸ್‌ರೇಯಲ್ಲಿ ಆರಾಮಾಗಿ 'ಫಿಟ್' ಆಗಿಬಿಡಬಹುದು.

ಕಾರಣ ಸರಳ. ಎಕ್ಸ್‌ರೇಯಲ್ಲಿ ಪಕ್ಕೆಲುಬು, ಹೃದಯ, ಶ್ವಾಸಕೋಶ ಎಲ್ಲವೂ ಒಂದರ ಮೇಲೊಂದು ಬೀಳುತ್ತವೆ. ವರ್ಷದ ಲೆಕ್ಕವನ್ನೆಲ್ಲ ಒಂದೇ ಹಾಳೆಯ ಮೇಲೆ ಗೀಚಿದ ಹಾಗೆ! ಸಿ.ಟಿ. ಸ್ಕ್ಯಾನ್ ಅದೇ ಲೆಕ್ಕವನ್ನು ಪುಟ ಪುಟವಾಗಿ ಬಿಡಿಸುತ್ತದೆ. ಒಂದು ಮಿಲಿಮೀಟರ್ ಆಸುಪಾಸು ದಪ್ಪದ ನೂರಾರು ಪದರಗಳನ್ನು ಕಂಪ್ಯೂಟರ್ ಜೋಡಿಸಿದರೆ ಶ್ವಾಸಕೋಶದ ತ್ರಿಡಿ ಚಿತ್ರ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಅಡುಗೆಮನೆಯ ಕೃತಕ ಕಲ್ಲು ಕತ್ತರಿಸುತ್ತಿದ್ದವರನ್ನು ಪರೀಕ್ಷಿಸಿದಾಗ, ಎಕ್ಸ್‌ರೇ ಸರಿಯಿದ್ದವರಲ್ಲೂ ಸಿ.ಟಿ.ಯಲ್ಲಿ ಸಿಲಿಕೋಸಿಸ್ ಕಾಣಿಸಿತು. ಈ ಕಲ್ಲಿನಲ್ಲಿ ಸಿಲಿಕಾ ಶೇ. 90ರವರೆಗೂ ಇರುತ್ತದೆ. 2024ರ ಜುಲೈ 1ರಿಂದ ಆ ದೇಶ ಅದನ್ನು ನಿಷೇಧಿಸಿದೆ.

ಕನ್ನಡ ನಾಡಿಗೆ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರಿಂದ 46ರ ನಡುವೆ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ತಪಾಸಣೆ ನಡೆದಾಗ ಶೇ. 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಅವರಿಗೆ ಸಿ.ಟಿ. ಇರಲಿಲ್ಲ, ಅದು ಬಂದದ್ದೇ 1970ರ ದಶಕದಲ್ಲಿ. ಗಣಿ 2001ರಲ್ಲಿ ಮುಚ್ಚಿತು.

ಹಾಗಂತ ತ್ರಿಡಿ ಎಂಬ ಹೆಸರಿಗೆ ಮರುಳಾಗಬೇಕಿಲ್ಲ. ಸಿಲಿಕೋಸಿಸ್‌ನ ಸಣ್ಣ ಗಂಟುಗಳನ್ನು ವೈದ್ಯರು ಪತ್ತೆಹಚ್ಚುವುದು ಹೆಚ್ಚಾಗಿ ತೆಳು ಪದರಗಳಲ್ಲೇ. ತ್ರಿಡಿ ಚಿತ್ರದ ದೊಡ್ಡ ಉಪಯೋಗ ರೋಗಿಗೆ ವಿವರಿಸುವುದರಲ್ಲಿದೆ: ಮೇಲ್ಭಾಗ ಹೇಗೆ ಗಟ್ಟಿಯಾಗಿದೆ, ಉಸಿರು ಯಾಕೆ ಕಟ್ಟುತ್ತಿದೆ ಎಂದು ಕಣ್ಣೆದುರೇ ತೋರಿಸಬಹುದು. ಅದೇ ಸ್ಕ್ಯಾನಿನಿಂದ ಇದನ್ನು ಮಾಡಬಹುದಾದ್ದರಿಂದ ಮತ್ತೆ ಸ್ಕ್ಯಾನ್ ಬೇಕಿಲ್ಲ. ಎದೆಯ ಸಾಮಾನ್ಯ ಸಿ.ಟಿ.ಯಲ್ಲಿ ಎಕ್ಸ್‌ರೇಗಿಂತ ಹಲವು ಹತ್ತು ಪಟ್ಟು ವಿಕಿರಣ ಇರುವುದರಿಂದ ಎಲ್ಲರಿಗೂ ವರ್ಷಾ ವರ್ಷ ಮಾಡಿಸುವಂಥದ್ದಲ್ಲ. ಕೆಲಸವೇ ಧೂಳಿನದ್ದು, ಮೆಟ್ಟಿಲು ಹತ್ತಿದರೆ ಏದುಸಿರು, ಒಣ ಕೆಮ್ಮು ಬಿಡುತ್ತಿಲ್ಲ ಅನ್ನುವವರು ಮಾತ್ರ ವೈದ್ಯರನ್ನು ಕೇಳಬೇಕು.

ಕೇಳುವಾಗ ಏನು ಕೆಲಸ, ಎಷ್ಟು ವರ್ಷ, ನೀರು ಹಾಕಿ ಕತ್ತರಿಸುತ್ತಿದ್ದರೋ ಒಣಗಿದ್ದನ್ನೋ ಎಂಬುದನ್ನೂ ಹೇಳಬೇಕು. ಧೂಳಿನ ಸುದ್ದಿ ಗೊತ್ತಿಲ್ಲದಿದ್ದರೆ ಸಿಲಿಕೋಸಿಸ್ ಟಿ.ಬಿ. ಎಂದೇ ದಾಖಲಾಗುವ ಅಪಾಯವಿದೆ. ಇನ್ನೂ ಕೆಟ್ಟದ್ದೆಂದರೆ, ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ತಗಲುವ ಸಾಧ್ಯತೆಯೂ ಹೆಚ್ಚು. ಗಾಯಗೊಂಡ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಬೇಗ ಗೊತ್ತಾದರೆ ಧೂಳಿನಿಂದ ದೂರ ಸರಿಯಬಹುದು, ಅಷ್ಟೇ.

ಭಾರತದ ಕಾನೂನಿನಲ್ಲಿ ಸಿಲಿಕೋಸಿಸ್ ಉದ್ಯೋಗದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿದೆ. ಆದರೆ ಪರಿಹಾರ ಕೇಳುವವರ ಕೈಯಲ್ಲಿ ದಾಖಲೆ ಇರಬೇಕು. ಬರೀ ರಿಪೋರ್ಟ್ ಹಾಳೆ ಸಾಲದು, ಸ್ಕ್ಯಾನಿನ ಸಿ.ಡಿ.ಯನ್ನೂ ಕೇಳಿ ಪಡೆದು ಲೇಬರ್ ಕಾಂಟ್ರ್ಯಾಕ್ಟ್, ಸ್ಯಾಲರಿ ಸ್ಲಿಪ್ ಜತೆಗೇ ಇಟ್ಟುಕೊಳ್ಳಬೇಕು. ಊರಿಗೆ ಮರಳಿದ ಮೇಲೆ ಹಳೇ ಕಂಪನಿಯಿಂದ ಕಾಗದ ತರಿಸುವುದು ಎಷ್ಟು ಕಷ್ಟ ಎಂದು ಗ್ರ್ಯಾಚುಯಿಟಿಗೆ ಅಲೆದವರಿಗೆ ಗೊತ್ತೇ ಇದೆ.