ದೋಫಾರಿನ ಬಂದೂಕು, ಒಮಾನಿನ ಎಣ್ಣೆ

ಚೀಣಾದ ವಿದೇಶ ನೀತಿಯನ್ನು ಪ್ರಗತಿಪರವೆಂದು ಹೊಗಳುವ ಎಡಪಂಥದ ಗೆಳೆಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅಮೆರಿಕ ಅರಬ್ ನಾಡುಗಳ ಮೇಲೆ ಬಾಂಬು ಸುರಿಸಿತು, ಚೀಣಾ ಯಾರ ಮನೆಯ ಜಗಳಕ್ಕೂ ಕೈಹಾಕಲಿಲ್ಲ ಎಂಬುದು ಅವರ ವಾದ. 1954ರಲ್ಲಿ ನಮ್ಮ ದೇಶದೊಡನೆ ಸಾರಿದ ಪಂಚಶೀಲವನ್ನು ಬೀಜಿಂಗ್ ಇಂದಿಗೂ ಜಪಿಸುತ್ತದೆ, ನಿಜ. ಈ ಗೆಳೆಯರು ಒಮ್ಮೆ ಒಮಾನಿನ ದಕ್ಷಿಣದಲ್ಲಿರುವ ದೋಫಾರ್ ಬೆಟ್ಟಗಳ ಚರಿತ್ರೆಯನ್ನು ಓದಬೇಕೆಂದು ನಾವು ಕೇಳುತ್ತೇವೆ.

ಸುಲ್ತಾನ ಸಯೀದ್ ಬಿನ್ ತೈಮೂರನ ಕಾಲದಲ್ಲಿ, 1970ರವರೆಗೆ, ಇಡೀ ಒಮಾನಿಗೆ ಮೂರೇ ಶಾಲೆಗಳಿದ್ದವು. ಪಾಠ ಹೇಳಿ ಬದುಕಿದ ನಮಗೆ ಆ ಆಳ್ವಿಕೆ ಎಂಥದೆಂದು ತಿಳಿಯಲು ಬೇರೆ ಸಾಕ್ಷಿ ಬೇಡ. 1965ರಲ್ಲಿ ದೋಫಾರಿನ ಜನ ದಂಗೆಯೆದ್ದರು. ಸುಲ್ತಾನನ ಬೆನ್ನಿಗೆ ಬ್ರಿಟಿಷರು ನಿಂತರು. ದಂಗೆಯವರಿಗೆ ಚೀಣಾ ಬಂದೂಕು ಕೊಟ್ಟಿತು, ತರಬೇತಿ ಕೊಟ್ಟಿತು, ಮಾವೋನ ಪುಸ್ತಕವನ್ನೂ ಕೊಟ್ಟಿತು. ಪಂಚಶೀಲ ಆಗ ಅಡ್ಡಬರಲಿಲ್ಲ. ನಾವು ಅದನ್ನು ತಪ್ಪೆನ್ನುತ್ತಿಲ್ಲ. ಮುಂದೆ ನಡೆದದ್ದನ್ನು ನೋಡಿ. 1971ರಲ್ಲಿ ಇರಾನಿನ ಷಾ ಚೀಣಾ ಸರ್ಕಾರಕ್ಕೆ ಮನ್ನಣೆ ಕೊಟ್ಟ. ಅಲ್ಲಿಂದಾಚೆಗೆ ಬೆಟ್ಟದವರಿಗೆ ಬರುತ್ತಿದ್ದ ನೆರವು ಇಳಿಯುತ್ತ ಬಂದು ನಿಂತೇಹೋಯಿತು. 1973ರಲ್ಲಿ ಅದೇ ಷಾ ದೋಫಾರಿಗೆ ಸೈನ್ಯ ಕಳಿಸಿದ. 1975ರ ಕೊನೆಯ ಹೊತ್ತಿಗೆ ದಂಗೆ ಅಡಗಿತು. ತಂದೆಯನ್ನು ಇಳಿಸಿ ಪಟ್ಟವೇರಿದ್ದ ಸುಲ್ತಾನ ಕಾಬೂಸನೊಡನೆ ಚೀಣಾ 1978ರಲ್ಲಿ ರಾಯಭಾರ ಸಂಬಂಧ ಬೆಳೆಸಿತು. ಇಂದು ಒಮಾನ್ ಹೊರಗೆ ಮಾರುವ ಕಚ್ಚಾ ಎಣ್ಣೆಯಲ್ಲಿ ಬಹುಪಾಲು ಹೋಗುವುದು ಚೀಣಕ್ಕೇ.

ಇದು ಹಳೆಯ ಮಾತಾಯಿತೆನ್ನುವವರಿಗೆ ಸಿರಿಯಾ ಇದೆ. 2011ರಲ್ಲಿ ಲಿಬಿಯದ ನಾಗರಿಕರ ರಕ್ಷಣೆಗೆಂದು ಭದ್ರತಾ ಸಮಿತಿ ಒಪ್ಪಿದ ನಿರ್ಣಯವನ್ನು ಹಿಡಿದು ನ್ಯಾಟೋ ಅಲ್ಲಿನ ಸರ್ಕಾರವನ್ನೇ ಉರುಳಿಸಿತು. ಅದು ಮೋಸವೆಂದು ಚೀಣಾ ದೂರಿದರೆ ನಾವೂ ಹೌದೆನ್ನುತ್ತೇವೆ. ಆದರೆ 2012ರ ಫೆಬ್ರವರಿಯಲ್ಲಿ ಸಿರಿಯಾದ ಬಗ್ಗೆ ಬಂದ ನಿರ್ಣಯದಲ್ಲಿ ಸೈನ್ಯ ಕಳಿಸುವ ಮಾತೇ ಇರಲಿಲ್ಲ. ಅರಬ್ ರಾಷ್ಟ್ರಗಳ ಒಕ್ಕೂಟವೇ ಹಾಕಿಕೊಟ್ಟ ಸಂಧಾನಕ್ಕೆ ಬೆಂಬಲ ಕೇಳಲಾಗಿತ್ತು. ನಮ್ಮ ದೇಶವೂ ಸೇರಿ 13 ರಾಷ್ಟ್ರಗಳು ಪರವಾಗಿ ಮತ ಕೊಟ್ಟವು. ರಷ್ಯ, ಚೀಣಾ ವೀಟೋ ಹಾಕಿದವು. ಆ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ತನ್ನ ಪ್ರಜೆಗಳ ಮೇಲೆ ಫಿರಂಗಿ ಹಾರಿಸುವ ಸರ್ಕಾರಕ್ಕೆ ವೀಟೋದ ಆಸರೆ ಕೊಡುವುದು ಕೈಹಾಕದೆ ಇರುವುದು ಹೇಗಾದೀತು?

2023ರಲ್ಲಿ ಸೌದಿ ಅರೇಬಿಯ, ಇರಾನ್‌ಗಳನ್ನು ಬೀಜಿಂಗಿನಲ್ಲಿ ಕೂರಿಸಿ ರಾಜಿ ಮಾಡಿಸಿದ್ದು ಒಳ್ಳೆಯ ಕೆಲಸವೇ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಸಾದ್‌ನನ್ನು ಹಾಂಗ್‌ಝೌ ನಗರಕ್ಕೆ ಕರೆಸಿ ಸತ್ಕರಿಸಿದರು, ವಿಶೇಷ ಸ್ನೇಹದ ಘೋಷಣೆಯನ್ನೂ ಹೊರಡಿಸಿದರು. 2024ರ ಡಿಸೆಂಬರಿನಲ್ಲಿ ಆತ ದಮಾಸ್ಕಸ್ ಬಿಟ್ಟು ಮಾಸ್ಕೋಗೆ ಓಡಿದ. ಆ ಸ್ನೇಹ ಯಾರೊಡನೆ ಆಗಿತ್ತೆಂಬುದನ್ನು ನಮ್ಮ ಗೆಳೆಯರೇ ಹೇಳಲಿ.