‘ವಯಸ್ಸಾಯಿತು, ಕುಡಿಯಲಿ ಬಿಡಿ’



ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಸಂಘಗಳಲ್ಲಿ ಕುಡಿತದ ಮಾತೆದ್ದರೆ ದುಡಿಯುವ ಗಂಡನದು, ಮಗನದು ಚರ್ಚೆಯಾಗುತ್ತದೆ. ಯಜಮಾನರಿಗೆ ಅರವತ್ತೈದು ದಾಟಿತೋ, ಮಾತು ನಿಂತಿತು. ‘ವಯಸ್ಸಾಯಿತು, ಕುಡಿಯಲಿ ಬಿಡಿ’ ಎನ್ನುತ್ತೇವೆ. ಮೊನ್ನೆ ಹಿರಿಯ ಸದಸ್ಯೆಯೊಬ್ಬರು ಮುಂಗೈ ಊದಿಸಿಕೊಂಡು ಬಂದು ‘ಬಚ್ಚಲಲ್ಲಿ ಜಾರಿದೆ’ ಎಂದರು. ನಾವ್ಯಾರೂ ಎರಡನೆಯ ಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಲವತ್ತು ವರ್ಷ ಏಟು ತಿಂದವಳಿಗೆ ಸೊಸೆಯ ಎದುರು ಅದನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ.

ಹೆಂಗಸರ ಹೋರಾಟ ವರ್ಷಗಟ್ಟಲೆ ನಡೆದ ಮೇಲೆ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಅಗ್ಗದ ವಿಸ್ಕಿಯ ಪೊಟ್ಟಣ ಅದರ ಜಾಗಕ್ಕೆ ಬಂತು. ಅಂದು ಕುಡಿಯುತ್ತಿದ್ದ ಗಂಡಸರು ಇಂದು ಮುದುಕರಾಗಿದ್ದಾರೆ.

ಮುಪ್ಪಿನಲ್ಲಿ ದೇಹದ ನೀರಿನಂಶ ಕಡಿಮೆಯಾಗುವುದರಿಂದ ಮೊದಲಿನಷ್ಟೇ ಕುಡಿದರೂ ಅಮಲು ಹೆಚ್ಚು. ಬಿಪಿ, ಸಕ್ಕರೆ ಕಾಯಿಲೆ, ನಿದ್ರೆಯ ಮಾತ್ರೆಗಳೊಂದಿಗೆ ಸೇರಿದರೆ ಅಪಾಯ. ಪದೇ ಪದೇ ಬೀಳುವುದು, ಮರೆವು, ಊಟ ಸೇರದಿರುವುದು, ಬೆಳಿಗ್ಗೆ ನಡುಗುವ ಕೈ ಒಂದು ಗುಟುಕಿಗೆ ನಿಲ್ಲುವುದು, ಇದೆಲ್ಲವನ್ನೂ ನಾವು ಮುಪ್ಪಿನ ಲೆಕ್ಕಕ್ಕೆ ಬರೆಯುತ್ತೇವೆ. ಡಾಕ್ಟರು ಕೇಳದಿದ್ದರೆ ನಾವೇ ಹೇಳಬೇಕು. (ಗುಟ್ಟಾಗಿ ಕುಡಿಯುವ ಅಜ್ಜಿಯರೂ ಇದ್ದಾರೆ. ಅವರನ್ನು ಆಡಿಕೊಳ್ಳಬೇಡಿ.)

ದಿನವೂ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬಂದು, ಇಲ್ಲದ್ದು ಕಾಣಿಸಿ, ಜೀವಕ್ಕೇ ಕುತ್ತಾಗಬಹುದು. ‘ಕುಡಿತ ಬಿಡಿಸುವ ಮಾತ್ರೆ’ಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸುವುದಂತೂ ಕೂಡದು. ಡೈಸಲ್ಫಿರಾಮ್ ಹೊಟ್ಟೆಯಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವ ಮುದುಕರು ಸಾಯಲೂಬಹುದು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡು ನಡುಕ ಇಳಿಸುವ ಔಷಧಿ, ಬಿ1 ಜೀವಸತ್ವ ಕೊಡುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಆಪ್ತಸಲಹೆ ಬೇಕು. ವಯಸ್ಸಾದವರು ಬಿಡುವುದಿಲ್ಲ ಎಂಬುದು ಸುಳ್ಳು. ಚಿಕಿತ್ಸೆಗೆ ಬಂದರೆ ಅವರು ಹರೆಯದವರಷ್ಟೇ ಚೆನ್ನಾಗಿ ಸುಧಾರಿಸುತ್ತಾರೆ. ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅದಕ್ಕೂ ಮೊದಲು ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು, ದುಡ್ಡಿಲ್ಲ.

ಕುಡಿತ ಕಾಯಿಲೆ, ಒಪ್ಪೋಣ. ಹೊಡೆತ ಕಾಯಿಲೆಯಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಗಸಿನ ವಯಸ್ಸು ಕೇಳುವುದಿಲ್ಲ. ಮನೆ ಗಂಡನ ಹೆಸರಿನಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ಸಂರಕ್ಷಣಾಧಿಕಾರಿಯ ಬಳಿ ಅವಳೊಬ್ಬಳೇ ಹೋಗಬೇಕಾಗಿಲ್ಲ, ಸಂಘದಿಂದ ಇಬ್ಬರು ಜೊತೆಗೆ ಹೋಗಿ. ತುರ್ತಿಗೆ 181 ಇದೆ.

ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಆ ಹಿರಿಯರ ಪಕ್ಕ ಕೂತು, ಬಿಟ್ಟ ಆ ಪ್ರಶ್ನೆಯನ್ನು ಮೆಲ್ಲಗೆ ಕೇಳಬೇಕೆಂದಿದ್ದೇನೆ.